ಮೇಲಿನ ಮನೆಯ ನೀರು

ಅವಳು ಒಳಗೆ ಬಂದು ಕೂರುವ ಮೊದಲೇ ವಕೀಲ ಎದ್ದು ಕಿಟಕಿ ತೆಗೆದ.

ವಕೀಲರು ತೆಗೆದರು ಎನ್ನಬೇಕು, ಮರ್ಯಾದೆ ಅದು. ಈ ಕಥೆಯಲ್ಲಿ ಆ ಮರ್ಯಾದೆ ಅವನಿಗೆ ಸಿಗುವುದಿಲ್ಲ. ಸೆಖೆಯಾಗಿ ಕಿಟಕಿ ತೆಗೆಯುವವನು ಮೊದಲು ಫ್ಯಾನಿನ ಕಡೆ ನೋಡುತ್ತಾನೆ. ಇವನು ಅವಳ ಕಡೆ ನೋಡಿದ. ಕರವಸ್ತ್ರದಿಂದ ಮೂಗಿನ ತುದಿ ಒತ್ತಿಕೊಂಡ. ಆಮೇಲೆ ತೆಗೆದ. ಅವಳಿಗೆ ಅರ್ಥವಾಯಿತು. ಬೆಳಗ್ಗೆ ಎದ್ದು ಚರ್ಮ ಉರಿಯುವಷ್ಟು ಮೈ ಉಜ್ಜಿಕೊಂಡು, ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟುಕೊಂಡು ಬಂದಿದ್ದಳು. ಆದರೂ ಕುರ್ಚಿಯನ್ನು ಮೇಜಿನಿಂದ ಹಿಂದಕ್ಕೆ ಎಳೆದುಕೊಂಡು ಅದರ ತುದಿಯಲ್ಲಿ ಕೂತಳು.

ಅವಳು ಬಸ್ ನಿಲ್ದಾಣದ ಕಕ್ಕಸು ತೊಳೆಯುವವಳು. ನಿಲ್ದಾಣದಲ್ಲಿ ಎಲ್ಲರೂ ಅವಳನ್ನು ಫಿನಾಯಿಲಮ್ಮ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಕೋರ್ಟಿನ ಕಾಗದದಲ್ಲಿ ಮಾತ್ರ ಇತ್ತು. ಅದನ್ನು ಮೊನ್ನೆ ಯಾರೋ ಕೂಗಿ ಕರೆದಾಗ ಅವಳು ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡು ಸುಮ್ಮನೆ ಕೂತಿದ್ದಳು.

ಅವಳು ಬಾಡಿಗೆಗಿದ್ದ ಮನೆಯ ಓನರ್ ಕೋರ್ಟಿಗೆ ಹೋಗಿದ್ದ. ಮನೆ ಗಲೀಜು ಮಾಡಿ ಹಾಳು ಮಾಡಿದ್ದಾಳೆ, ಖಾಲಿ ಮಾಡಿಸಿ ಕೊಡಿ ಅಂತ. ಮಾತಾಡಿ ಬಗೆಹರಿಸಿಕೊಳ್ಳಿ ಎಂದು ಕೋರ್ಟು ಇಬ್ಬರನ್ನೂ ಈ ರಾಜಿ ಕೋಣೆಗೆ ಕಳಿಸಿತ್ತು. ಗೋಡೆಯ ಮೇಲೆ ಎರಡು ಕೈ ಕುಲುಕುವ ಚಿತ್ರ. ಮೇಜಿನ ತುದಿಗೆ ರಾಜಿ ಮಾಡಿಸುವ ಮೇಡಂ, ನರೆತ ಕೂದಲಿನ ಹೆಂಗಸು, ನಿವೃತ್ತಿಯಾದವರು, ಮುಖದಲ್ಲಿ ಸುಸ್ತು. ಆ ಕಡೆ ಓನರ್. ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಕೂತಿದ್ದ. ಅವನ ಪಕ್ಕದಲ್ಲಿ ಅವನ ವಕೀಲ. ಈ ಕಡೆ ಇವಳೊಬ್ಬಳೇ. ಸರ್ಕಾರ ಇವಳಿಗೂ ಒಬ್ಬ ವಕೀಲರನ್ನು ಪುಕ್ಕಟೆ ಕೊಟ್ಟಿತ್ತು. ಅವರು ಬಾಗಿಲವರೆಗೆ ಬಂದು, "ಹೆದರ್ಬೇಡಿ, ನಾನು ಇಲ್ಲೇ ಇರ್ತೀನಿ" ಅಂದು ಹೋದರು. ಇಲ್ಲೇ ಅಂದರೆ ಎಲ್ಲಿ ಎನ್ನುವುದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

"ಮೇಡಂ, ನಮ್ಮ ಕಕ್ಷಿದಾರರದ್ದು ದೊಡ್ಡ ಮನಸ್ಸು" ಎಂದು ವಕೀಲ ಶುರು ಮಾಡಿದ. ಅವನ ದನಿ ಮೆತ್ತಗಿತ್ತು. ಜೋರಾಗಿ ಬೈಯುವವರನ್ನು ಅವಳು ದಿನಾ ನೋಡುತ್ತಾಳೆ, ಅವರ ಅಭ್ಯಾಸ ಇದೆ. ಈ ಮೆತ್ತಗಿನ ದನಿಯ ಅಭ್ಯಾಸ ಇರಲಿಲ್ಲ. "ಈ ಅಮ್ಮನಿಗೆ ಯಾರೂ ಮನೆ ಕೊಡದೇ ಇದ್ದಾಗ ಇವರು ಕೊಟ್ರು. ಪಾಪ, ಇವರ ಕೆಲಸ ಎಂಥದ್ದು ನಿಮಗೂ ಗೊತ್ತು. ನಾನು ಅದನ್ನ ತಪ್ಪು ಅನ್ನಲ್ಲ. ಆದ್ರೆ ಕೆಲಸದ ಗಲೀಜನ್ನ ಮನೆಗೆ ತಂದ್ರೆ ಹೇಗೆ? ನೋಡಿ." ಮೊಬೈಲಿನಲ್ಲಿ ಫೋಟೋ ತೋರಿಸಿದ. ಕಂದು ಹಳದಿ ಬಣ್ಣದಲ್ಲಿ ಒಸರುತ್ತಿರುವ ಗೋಡೆ. ಅವಳ ಮನೆಯದೇ.

"ಮೇಡಂ, ಅದು ಮೇಲಿನ..." ಎಂದಳು.

"ಒಂದು ನಿಮಿಷ ಅಮ್ಮಾ. ನಾನು ಮುಗಿಸ್ಲಿ. ನಿಮ್ಮ ಸರದಿ ಬಂದೇ ಬರುತ್ತೆ."

ಸರದಿ ಬಂತು. ಅವಳು ಬಾಯಿ ತೆಗೆದಳು. ನಾಲಿಗೆ ಒಣಗಿ ಅಂಟಿಕೊಂಡಿತ್ತು. "ಪೈಪು... ಮೇಲಿಂದ..." ಎನ್ನುವಷ್ಟರಲ್ಲಿ ವಕೀಲ ಕೈ ಎತ್ತಿದ. "ಅವರು ಹೇಳ್ತಿರೋದು ಏನಂದ್ರೆ ಮೇಡಂ, ಮೇಲಿಂದ ಏನೋ ಸೋರ್ತಿದೆ ಅಂತ ಅವರಿಗೆ ಅನುಮಾನ. ನಾವು ಪ್ಲಂಬರ್‌ನ ಕರೆಸಿ ನೋಡಿಸಿದ್ದೀವಿ. ಏನೂ ಇಲ್ಲ." ಅವಳ ಬಾಯಿಂದ ಮಾತು ಕಿತ್ತುಕೊಂಡು, ಅಗಿದು, ಅವಳ ಎದುರಿಗೇ ಉಗುಳಿಬಿಟ್ಟ. ಅನುಮಾನವಂತೆ!

ಅದು ಅನುಮಾನವಲ್ಲ. ಕೇಳಿ. ಮೇಲೆ ಓನರಿನ ಮನೆ. ಅವನ ಕಕ್ಕಸಿನ ಪೈಪು ಇವಳ ಕೋಣೆಯ ಗೋಡೆಯೊಳಗೆ ಇಳಿದಿದೆ. ಎಲ್ಲೋ ಒಡೆದಿದೆ. ಮೇಲೆ ನೀರು ಬಿಟ್ಟಾಗಲೆಲ್ಲ ಕೆಳಗೆ ಗೋಡೆ ಬೆವರುತ್ತದೆ, ಸೂರಿನ ಮೂಲೆಯಿಂದ ತೊಟ್ಟಿಕ್ಕುತ್ತದೆ. ಅಲ್ಲೊಂದು ಬೋಗುಣಿ ಇಟ್ಟಿದ್ದಳು. ಅದೇ ಗೋಡೆಯ ಬದಿಗೆ ಅತ್ತೆಯ ಮಂಚ. ಅತ್ತೆಗೆ ಸೊಂಟ ಮುರಿದಿದೆ, ಎದ್ದು ಓಡಾಡುವ ಹಾಗಿಲ್ಲ. ಮಂಚವನ್ನು ಎಷ್ಟು ಈಚೆಗೆ ಎಳೆದರೂ ಕೋಣೆ ಇರುವುದೇ ಅಷ್ಟು. ಹಗಲೆಲ್ಲ ಊರಿನವರ ಹೇಲು ತೊಳೆದು ಮನೆಗೆ ಬಂದರೆ, ಓನರಿನ ಹೇಲು ಗೋಡೆ ಇಳಿದು ಬಂದು ಅವಳಿಗಾಗಿ ಕಾಯುತ್ತಿತ್ತು. ರಿಪೇರಿ ಮಾಡಿಸಿ ಎಂದು ಕೇಳಿದಳು. ಕೇಳಿ ಕೇಳಿ ಸಾಕಾಗಿ ನಗರಸಭೆಯ ಆರೋಗ್ಯ ಇನ್ಸ್‌ಪೆಕ್ಟರಿಗೆ ಹೇಳಿದಳು. ಅವಳು ಮಾಡಿದ ಅಪರಾಧ ಅಷ್ಟೇ. ಅಲ್ಲಿಯವರೆಗೆ ಓನರಿಗೆ ಅವಳ ಗಲೀಜು ಕಂಡಿರಲಿಲ್ಲ. ವಾರಕ್ಕೊಮ್ಮೆ ತನ್ನ ಕಕ್ಕಸನ್ನೂ ಅವಳಿಂದಲೇ ಬಿಟ್ಟಿ ತೊಳೆಸಿಕೊಳ್ಳುತ್ತಿದ್ದ.

ಮೇಡಂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಒಬ್ಬರು ಹೌದು ಅಂತೀರಿ, ಒಬ್ಬರು ಇಲ್ಲ ಅಂತೀರಿ. ಭಾನುವಾರ ಬೆಳಿಗ್ಗೆ ನಾನೇ ಬಂದು ನೋಡ್ತೀನಿ. ಆಗಬಹುದಾ?"

ಓನರಿನ ಬೆರಳಲ್ಲಿ ಕೀಲಿ ನಿಂತಿತು. ವಕೀಲ ಮಾತ್ರ ತಡವರಿಸಲಿಲ್ಲ. "ಖಂಡಿತ ಬನ್ನಿ ಮೇಡಂ. ಕಣ್ಣಾರೆ ನೋಡಿದ್ರೆ ಎಲ್ಲಾ ಗೊತ್ತಾಗುತ್ತೆ" ಎಂದ.

ಹೊರಗೆ ವರಾಂಡದಲ್ಲಿ ಅವಳು ಗೋಡೆಗೆ ಒತ್ತಿಕೊಂಡು ವಕೀಲನಿಗೆ ದಾರಿ ಬಿಟ್ಟಳು. ಅವನು ಮುಂದೆ ಹೋದವನು ತಿರುಗಿ ಬಂದ.

"ಅಮ್ಮಾ, ನಾನು ಎದುರು ಪಾರ್ಟಿ ವಕೀಲ, ಹೇಳಬಾರದು. ಆದ್ರೂ ನಿಮ್ಮ ಮಗನ ಹಾಗೆ ಹೇಳ್ತೀನಿ. ಮೇಡಂ ತುಂಬಾ ಶುಚಿ ಮನುಷ್ಯರು. ಆ ಮನೇನ ಹಾಗೇ ನೋಡಿದ್ರೆ ನಿಮ್ಮ ಮೇಲೇ ಅಸಹ್ಯ ಪಡ್ತಾರೆ. ಹೆಣ್ಣುಮಕ್ಕಳಿಗೆ ಮಾನ ಮುಖ್ಯ ಅಲ್ವಾ? ಸ್ವಲ್ಪ ತೊಳೆದು ಗಿಳೆದು ಇಟ್ಕೊಳ್ಳಿ."

ಅವಳ ಕಣ್ಣಲ್ಲಿ ನೀರು ಬಂತು. ಅಷ್ಟು ದೊಡ್ಡ ಮನುಷ್ಯ ನಿಂತು ತನ್ನ ಮಾನದ ಮಾತಾಡಿದನಲ್ಲ ಎಂದು. ಕೈ ಮುಗಿದಳು. ಹೌದು, ಮುಗಿದಳು! ಈಗ ನೆನೆಸಿಕೊಂಡರೆ ಆ ಕೈಗೆ ಬರೆ ಹಾಕಿಕೊಳ್ಳೋಣ ಅನ್ನಿಸುತ್ತದೆ ಅವಳಿಗೆ.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದಳು. ಅತ್ತೆಗೆ ಸೊಂಟ ಬಿದ್ದಿತ್ತೇ ಹೊರತು ನಾಲಿಗೆ ಬಿದ್ದಿರಲಿಲ್ಲ.

"ಲಾಯರಿಗೆ ನಿನ್ನ ಮಾನದ ಚಿಂತೆ ಯಾಕೆ ಬಂತೇ? ತೋಳ ಬಂದು ಕುರಿಗೆ, ಚಳಿ ಆಗ್ತಿದೆಯೇನವ್ವಾ ಅಂತ ಕೇಳ್ದಂಗಿದೆ."

"ಸುಮ್ನಿರಿ ಅತ್ತೆ. ಎಲ್ಲಾರೂ ಕೆಟ್ಟೋರಿರಲ್ಲ."

"ಇರಲ್ಲ ಇರಲ್ಲ. ಒಳ್ಳೇರೆಲ್ಲ ಎದುರು ಪಾರ್ಟೀಲೇ ಇರ್ತಾರೆ."

ಅವಳಿಗೆ ಈ ಕುಹಕ ಕೇಳುವ ತಾಳ್ಮೆ ಇರಲಿಲ್ಲ. ಹೆದರಿಕೆ ಅವಳನ್ನು ನಿಂತಲ್ಲಿ ನಿಲ್ಲಗೊಡುತ್ತಿರಲಿಲ್ಲ. ಈ ಕೋಣೆ ಹೋದರೆ ಮುಂದೆ? ಅವಳಾಗಲೇ ಊರಿಡೀ ಮನೆ ಹುಡುಕಿ ನೋಡಿದ್ದಳು. ಏನು ಕೆಲಸ ಎಂದು ಕೇಳುತ್ತಾರೆ. ಬಸ್ ನಿಲ್ದಾಣದಲ್ಲಿ ಅನ್ನುತ್ತಾಳೆ. ಅಲ್ಲಿ ಏನು ಎನ್ನುತ್ತಾರೆ. ಹೇಳುತ್ತಾಳೆ. ಆಮೇಲೆ ಆ ಮನೆ ನಿನ್ನೆ ತಾನೇ ಯಾರಿಗೋ ಕೊಟ್ಟಾಗಿರುತ್ತದೆ. ಒಬ್ಬ ಹೆಂಗಸು ಗೇಟು ಹಾಕಿಕೊಂಡು, ಇವಳು ಹಿಡಿದಿದ್ದ ಜಾಗವನ್ನು ಒರೆಸಿದ್ದನ್ನು ಇವಳು ತಿರುವಿನಿಂದ ನೋಡಿದ್ದಳು. ಒಬ್ಬಳೇ ಆಗಿದ್ದರೆ ನಿಲ್ದಾಣದ ಸಾಮಾನಿನ ಕೋಣೆಯಲ್ಲಾದರೂ ಬಿದ್ದಿರುತ್ತಿದ್ದಳು. ಸೊಂಟ ಮುರಿದ ಮುದುಕಿಯನ್ನು ಎಲ್ಲಿ ಹೊತ್ತು ತಿರುಗುವುದು? ಗಂಡ ಸಾಯುವಾಗ ಬಿಟ್ಟುಹೋದ ಆಸ್ತಿ ಅದೊಂದೇ. ಅದು ದಿನಾ ಬೈಯುತ್ತಿತ್ತು, ನಗಿಸುತ್ತಿತ್ತು, ಸಂಜೆ ಬರುವುದು ತಡವಾದರೆ ಒಂಟಿಯಾಗಿ ಅಳುತ್ತಿತ್ತು.

ನಿಲ್ದಾಣದಲ್ಲಿ ಒಂದು ಪದ್ಧತಿ. ಸಾಹೇಬರು ಬರುತ್ತಾರೆ ಎಂದು ಸುದ್ದಿ ಬಂದರೆ ಮೇಸ್ತ್ರಿ ಸೀಟಿ ಊದುತ್ತಾನೆ. ಎಲ್ಲರೂ ಓಡಬೇಕು. ಆಸಿಡ್ ಸುರಿ, ಉಜ್ಜು, ಫಿನಾಯಿಲ್ ಚೆಲ್ಲು, ಅಂಚಿಗೆ ಬಿಳಿ ಪುಡಿಯ ಗೆರೆ ಎಳೆ. ಸಾಹೇಬರು ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತು, ತಲೆ ಆಡಿಸಿ ಹೋಗುತ್ತಾರೆ. ಒಂದು ಕಲೆ ಕಂಡರೂ ಆ ದಿನದ ಕೂಲಿ ಇಲ್ಲ. ಒಡೆದ ನಲ್ಲಿ, ನೀರು ಬಾರದ ತೊಟ್ಟಿ ಸಾಹೇಬರಿಗೆ ಯಾವತ್ತೂ ಕಂಡಿಲ್ಲ, ಯಾಕೆಂದರೆ ಅವರು ಬರುವ ಹೊತ್ತಿಗೆ ಇವರು ಕೊಡದಲ್ಲಿ ನೀರು ಹೊತ್ತು ತಂದು ಎಲ್ಲ ತೊಳೆದಿರುತ್ತಾರೆ. ಇದು ಅವಳ ತಲೆಯಲ್ಲಿದ್ದ ವಿಷಯವಲ್ಲ, ಮೂಳೆಯಲ್ಲಿತ್ತು. ದೊಡ್ಡವರು ಬರುತ್ತಾರೆ ಅಂದರೆ ತೊಳೆ. ಅಷ್ಟೇ.

ಶನಿವಾರ ರಜೆ ಹಾಕಿ ತೊಳೆದಳು. ಗೋಡೆಗೆ ತಂತಿ ಬ್ರಷ್ ಹಾಕಿ ತಿಕ್ಕಿದಳು. ಸ್ಟೂಲ್ ಮೇಲೆ ಹತ್ತಿ ಮೂಲೆ ಕೆರೆದಳು. ಹಬೆ ಮೂಗಿಗೆ ಹೊಡೆದು ಕಣ್ಣು ಉರಿಯಿತು. ಆಸಿಡ್ಡಿಗೆ ಉಗುರಿನ ಸಂದಿ ಬಿರಿದು ರಕ್ತ ಬಂತು. ಭುಜ ಕಳಚಿ ಬೀಳುವ ಹಾಗಾಯಿತು. ಎದುರು ಮನೆಯಲ್ಲಿ ಬಣ್ಣ ಬಳಿಯುವವನಿದ್ದ. ಅವನು ಮುಚ್ಚಳವಿದ್ದ ಒಂದು ಪ್ಲಾಸ್ಟಿಕ್ ಬಕೆಟಿನಲ್ಲಿ ಸುಣ್ಣ ಕಲಸಿ ಕೊಟ್ಟ. "ಬಕೆಟ್ ನಿಧಾನಕ್ಕೆ ಕೊಡಕ್ಕಾ" ಅಂದ. ಬಳಿದಳು. ಒಣಗಿದ ಮೇಲೆ ಮತ್ತೆ ಬಳಿದಳು. ಅತ್ತೆಗೆ ಮೈ ತೊಳೆದು, ತಲೆ ಬಾಚಿ, ಒಗೆದ ಸೀರೆ ಉಡಿಸಿದಳು. ಬೋಗುಣಿಯನ್ನು ಮಂಚದ ಕೆಳಗೆ ತಳ್ಳಿದಳು.

ಅವತ್ತು ಅದೃಷ್ಟವೂ ಇತ್ತು. ಹಿಂದಿನ ದಿನದಿಂದಲೇ ಮೇಲೆ ಸದ್ದಿರಲಿಲ್ಲ. ಓನರಿನ ಮನೆಯವರೆಲ್ಲ ಯಾವುದೋ ನೆಂಟರ ಮನೆಗೆ ಹೋಗಿದ್ದರು. ಒಂದು ಹನಿ ತೊಟ್ಟಿಕ್ಕಲಿಲ್ಲ. ದೇವರು ಕಣ್ಣು ಬಿಟ್ಟ ಎಂದುಕೊಂಡಳು.

"ಮದುವೆ ಮನೆ ಆದಂಗಾಯ್ತಲ್ಲೇ" ಎಂದಳು ಅತ್ತೆ, ಬೆಳ್ಳಗಿನ ಗೋಡೆ ನೋಡುತ್ತ. ಆಮೇಲೆ ಇವಳ ಕಡೆ ತಿರುಗಿ, "ಅಲ್ಲಾ, ಅವರು ಏನು ನೋಡೋಕೆ ಬರ್ತಿರೋದು?" ಎಂದಳು.

ಅವಳು ಕೇಳಿಸಿಕೊಳ್ಳಲಿಲ್ಲ. ಹೊಸಲು ಉಜ್ಜುತ್ತಿದ್ದಳು.

ಭಾನುವಾರ ಮೇಡಂ ಬಂದರು. ವಕೀಲ ಬಂದ. ಓನರ್ ಒಬ್ಬನೇ ಕಾರಿನಲ್ಲಿ ಬಂದಿಳಿದ. ಮೇಡಂ ಚಪ್ಪಲಿ ಬಿಟ್ಟು ಒಳಗೆ ಬಂದಾಗ ಅವಳಿಗೆ ಎದೆ ತುಂಬಿ ಬಂತು. ಅವಳ ಹೊಸಲಲ್ಲಿ ಅಂಥವರು ಯಾರೂ ಚಪ್ಪಲಿ ಬಿಟ್ಟಿರಲಿಲ್ಲ.

ಮೇಡಂ ಗೋಡೆ ನೋಡಿದರು. ಹತ್ತಿರ ಹೋಗಿ ಬೆರಳಿಟ್ಟು ನೋಡಿದರು. ಬೆರಳಿಗೆ ಸುಣ್ಣ ಅಂಟಿತು. "ಎಲ್ಲಮ್ಮಾ ಸೋರಿಕೆ?" ಎಂದರು.

ಆಗ ತಿಳಿಯಿತು ಅವಳಿಗೆ. ನೆಲ ಬಾಯಿ ಬಿಟ್ಟಂತಾಯಿತು. ಎಲ್ಲಿ ಸೋರಿಕೆ? ಅವಳೇ ತಿಕ್ಕಿ, ಕೆರೆದು, ರಕ್ತ ಸುರಿಸಿ ತೆಗೆದುಹಾಕಿದ್ದಳು. ತನ್ನ ಕಡೆಗಿದ್ದ ಒಂದೇ ಒಂದು ಸಾಕ್ಷಿಯನ್ನು ತನ್ನ ಕೈಯಾರೆ ತೊಳೆದಿದ್ದಳು. ತಲೆ ಎತ್ತಿ ವಕೀಲನನ್ನು ನೋಡಿದಳು. ಅವನು ನಗುತ್ತಿರಲಿಲ್ಲ. ತುಂಬ ಕನಿಕರದ ಮುಖ ಮಾಡಿಕೊಂಡಿದ್ದ.

"ಮೇಡಂ, ನೀವು ಬರ್ತೀರಂತ ತೊಳೆದೆ... ಇತ್ತು ಮೇಡಂ, ದೇವರಾಣೆ ಇತ್ತು..."

"ಅದೇ ಮೇಡಂ ನಾವೂ ಹೇಳ್ತಿರೋದು" ಎಂದ ವಕೀಲ. "ತೊಳೆದ್ರೆ ಹೋಗುವಂಥದ್ದು ಪೈಪಿನ ಸೋರಿಕೆ ಹೇಗಾಗುತ್ತೆ? ಪೈಪು ಒಡೆದಿದ್ರೆ ಈಗಲೂ ಸೋರಬೇಕಿತ್ತಲ್ಲ. ಇವರು ಮನಸ್ಸು ಮಾಡಿದ್ರೆ ಎಷ್ಟು ಚೆನ್ನಾಗಿ ಇಟ್ಕೋಬಹುದು ನೋಡಿ. ಮನಸ್ಸು ಮಾಡಿರಲಿಲ್ಲ, ಅಷ್ಟೇ."

ಗಲೀಜಿದ್ದಾಗ ಗಲೀಜೇ ಅವಳ ತಪ್ಪು. ತೊಳೆದಾಗ ತೊಳೆದದ್ದೇ ತಪ್ಪು. ಇದಕ್ಕಿಂತ ಚೆನ್ನಾದ ಕತ್ತರಿ ಯಾವ ದರ್ಜಿಯ ಅಂಗಡಿಯಲ್ಲಿದೆ ಹೇಳಿ.

ಅವನು ಬ್ಯಾಗಿನಿಂದ ಕಾಗದ ತೆಗೆದ. ಮೊದಲೇ ಟೈಪ್ ಮಾಡಿಸಿ ತಂದಿದ್ದ. ತಿಂಗಳ ಕೊನೆಗೆ ಖಾಲಿ ಮಾಡುತ್ತೇನೆ, ನನ್ನ ತಕರಾರು ಏನೂ ಇಲ್ಲ ಎಂದು ಅವಳು ಹೇಳಿದಂತೆ ಅದರಲ್ಲಿ ಬರೆದಿತ್ತು. ಮೇಡಂ ನಿಟ್ಟುಸಿರು ಬಿಟ್ಟರು. "ನೋಡಮ್ಮಾ, ಕೇಸು ವಾಪಸ್ ಕೋರ್ಟಿಗೆ ಹೋದ್ರೆ ನಿನಗೇ ಕಷ್ಟ. ಇದೇ ಒಳ್ಳೇದು ಅನ್ಸುತ್ತೆ" ಎಂದರು. ಕೆಟ್ಟವರಲ್ಲ ಅವರು. ಸುಸ್ತಾಗಿತ್ತು ಅವರಿಗೆ, ಅಷ್ಟೇ. ಅಂಥವರ ಸುಸ್ತಿಗೆ ಇಂಥವರ ಮನೆ ಹೋಗುತ್ತದೆ.

ವಕೀಲ ಅವಳ ಕೈಗೆ ಪೆನ್ನು ಕೊಟ್ಟ. ಬಿರಿದ ಬೆರಳಿಗೆ ಪೆನ್ನು ಒತ್ತಿ ಉರಿಯಿತು. ಕಾಗದದ ಮೇಲೆ ಅವನ ಉಗುರು ಜಾಗ ತೋರಿಸುತ್ತಿತ್ತು. ಇಲ್ಲ ಎನ್ನಬೇಕು. ಪೆನ್ನು ಕಾಗದಕ್ಕೆ ತಾಗಿತು.

"ಲೇ! ಬಂತು ಕಣೇ! ಬೇಗ ತಾರೇ ಪಾತ್ರೆ! ಅಯ್ಯಯ್ಯೋ, ಆಗೋಯ್ತು, ಆಗೋಯ್ತು!"

ಅತ್ತೆ. ಮಂಚದ ಮೇಲಿಂದ ಸೂರು ಹಾರುವಂತೆ ಕಿರುಚಿದಳು. ಮೇಡಂ ಸೆರಗು ಮೂಗಿಗೆ ಹಿಡಿದು ಹೊರಗೆ ನಡೆದರು. ಓನರ್ ಅವರಿಗಿಂತ ಮುಂದೆ ಓಡಿದ. ವಕೀಲ ಕಾಗದ ಎತ್ತಿಕೊಂಡು, ಹೊಸಲು ದಾಟುವಾಗ ತಿರುಗಿ ಮೆತ್ತಗೆ ಹೇಳಿದ: "ಬುಧವಾರ ರಾಜಿ ಕೋಣೆಗೇ ಬಂದು ಸೈನ್ ಮಾಡಿ ಅಮ್ಮಾ. ಮರೀಬೇಡಿ. ನಿಮಗೆ ನಿಲ್ದಾಣದಲ್ಲಿ ಕೆಲಸ ಕೊಟ್ಟಿರೋ ಕಂಟ್ರಾಕ್ಟರ್ ನನಗೆ ಚೆನ್ನಾಗಿ ಗೊತ್ತು. ಮನೆ ಒಂದು ಹೋದ್ರೆ ಇನ್ನೊಂದು ಸಿಗುತ್ತೆ. ಕೆಲಸ ಹಾಗಲ್ಲ."

ಅವಳು ಪಾತ್ರೆ ಹಿಡಿದು ಮಂಚದ ಹತ್ತಿರ ಹೋದಳು.

"ಹೋದ್ರಾ?" ಎಂದಳು ಅತ್ತೆ.

"ಹೋದ್ರು."

"ಪಾತ್ರೆ ಒಳಗಿಡು. ನನಗೇನೂ ಬಂದಿರ್ಲಿಲ್ಲ."

ಅವಳು ಅಲ್ಲೇ ಕುಸಿದು ಕೂತು ನಕ್ಕಳು. ನಗು ಅಳುವಾಯಿತು. ಅತ್ತೆ ಅವಳ ತಲೆ ಮೇಲೆ ಕೈಯಿಟ್ಟು ಹೇಳಿದಳು: "ನೋಡ್ದ್ಯಾ? ಅವರು ನಿನಗೆ ಹೆದರಲ್ಲ. ನಿನ್ನ ಕಣ್ಣೀರಿಗೆ ಹೆದರಲ್ಲ. ಕಾಯ್ದೆಗೂ ಹೆದರಲ್ಲ. ಹೇಲಿಗೆ ಹೆದರ್ತಾರೆ. ನಾವು ತೊಳೀತಾ ಇರೋವರೆಗೆ ಅವರಿಗೆ ಆ ಹೆದರಿಕೇನೂ ಇಲ್ಲ."

ಸಂಜೆ ಓನರಿನ ಮನೆಯವರು ವಾಪಸ್ಸು ಬಂದರು. ಕಾರಿನ ಬಾಗಿಲು ಬಡಿಯಿತು. ಮೇಲೆ ಕಾಲಿನ ಸದ್ದು. ಆಮೇಲೆ ನೀರು ಬಿಟ್ಟ ಸದ್ದು, ಗೋಡೆಯೊಳಗೆ ಗುಡುಗುಡು ಇಳಿಯಿತು. ಅವಳು ಗೋಡೆಯ ಎದುರು ಕೂತು ನೋಡಿದಳು. ಮೂಲೆಯಲ್ಲಿ ಸುಣ್ಣ ಮೊದಲು ಬೂದಿ ಬಣ್ಣವಾಯಿತು. ಆಮೇಲೆ ಕಂದಾಯಿತು. ಆಮೇಲೆ ಒಂದು ಹನಿ ಮೂಡಿ ಜಾರಿತು.

ನೆಂಟರ ಮನೆಗೆ ಹೋಗಿದ್ದು ಯಾಕೆ ಎಂಬುದು ಆಗ ಹೊಳೆಯಿತು. ದೇವರು ಕಣ್ಣು ಬಿಟ್ಟಿರಲಿಲ್ಲ. ವಕೀಲ ಫೋನು ಮಾಡಿದ್ದ.

ಅವಳ ಕೈ ಬ್ರಷ್ಷಿನ ಕಡೆ ಹೋಯಿತು. ಹೋದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಅದರ ಹಿಡಿ ಬೆರಳಿಗೆ ತಾಗಿ ಉರಿದಾಗ ಗೊತ್ತಾಯಿತು. ಬ್ರಷ್ಷನ್ನು ಬಾಗಿಲಾಚೆ ಬೀದಿಗೆ ಎಸೆದಳು. ಬಣ್ಣದವನ ಬಕೆಟ್ಟು ತಂದು ಮೂಲೆಯ ಕೆಳಗಿಟ್ಟಳು.

ಸೋಮವಾರ ತೊಳೆಯಲಿಲ್ಲ. ಮಂಗಳವಾರವೂ ತೊಳೆಯಲಿಲ್ಲ. ನಿಮಗೆ ಇದು ಸುಲಭ ಅನ್ನಿಸಬಹುದು. ಹುಟ್ಟಿನಿಂದ ಗಲೀಜಿನವಳು ಎನ್ನಿಸಿಕೊಂಡವಳು ತನ್ನ ಗೋಡೆಯ ಮೇಲೆ ಹೇಲು ಇಳಿಯುವುದನ್ನು ನೋಡುತ್ತ ಕೈ ಕಟ್ಟಿ ಕೂರುವುದು ಏನೆಂದು ಅವಳನ್ನು ಕೇಳಿ. ಎಷ್ಟು ಕಕ್ಕಸು ತೊಳೆದಾಗಲೂ ಮೈ ಅಷ್ಟು ನೊಂದಿರಲಿಲ್ಲ. ಬೀದಿಯಲ್ಲಿ ಹೋಗುವವರು ಮೂಗು ಮುಚ್ಚಿಕೊಂಡರೆ ಬಾಗಿಲು ಹಾಕಿಕೊಳ್ಳೋಣ ಎನ್ನಿಸುತ್ತಿತ್ತು. ಹಾಕಿಕೊಳ್ಳಲಿಲ್ಲ. ಬಕೆಟ್ಟು ಹನಿಹನಿಯಾಗಿ ತುಂಬುತ್ತಿತ್ತು. ಅತ್ತೆ ಗೋಡೆಗೆ ಬೆನ್ನು ಮಾಡಿ ಮಲಗಿ, "ಬೀಳ್ಲಿ ಬಿಡು, ದೊಡ್ಡೋರ ಮನೇದು" ಅನ್ನುತ್ತಿದ್ದಳು. ಆಮೇಲೆ ಕೆಮ್ಮುತ್ತಿದ್ದಳು.

ಬುಧವಾರ ಬೆಳಗ್ಗೆ ಬಕೆಟಿಗೆ ಮುಚ್ಚಳ ಒತ್ತಿದಳು. ಅತ್ತೆ ನೋಡಿದಳು. ಅವಳು ಏನು ಮಾಡಲು ಹೊರಟಿದ್ದಾಳೆ ಎಂದು ಅತ್ತೆಗೆ ಹೇಳಬೇಕಾಗಿರಲಿಲ್ಲ. ಯಾವತ್ತೂ ಹೆದರದ ಮುದುಕಿ ಅವತ್ತು ಹೆದರಿದಳು.

"ಬಡವನ ಕೋಪ ದವಡೆಗೆ ಮೂಲ ಕಣೇ. ನಾನೇನೋ ಬಾಯಿಗೆ ಬಂದಿದ್ದು ಆಡ್ದೆ. ಜೈಲಿಗೆ ಗೀಲಿಗೆ ಹಾಕಿದ್ರೆ ನನಗೆ ಯಾರೇ ಗತಿ?"

"ಸೈನ್ ಹಾಕಿದ್ರೆ ಯಾರು ಗತಿ ಅತ್ತೆ?"

ಅತ್ತೆ ಅವಳ ಸೆರಗು ಹಿಡಿದುಕೊಂಡಳು. ಆಮೇಲೆ ಬಿಟ್ಟಳು.

ಬಸ್ಸಿನಲ್ಲಿ ಬಕೆಟನ್ನು ಎರಡು ಕಾಲಿನ ನಡುವೆ ಇಟ್ಟುಕೊಂಡು ಕೂತಳು. ಬಸ್ಸು ಕುಲುಕಿದಾಗಲೆಲ್ಲ ಮುಚ್ಚಳ ಒತ್ತಿ ಹಿಡಿದಳು. "ಏನಮ್ಮಾ, ಬಣ್ಣನಾ?" ಎಂದ ಕಂಡಕ್ಟರ್. "ಹೂಂ, ಸುಣ್ಣ" ಎಂದಳು. ಬೆನ್ನಮೇಲೆ ಬೆವರು ಹರಿಯಿತು. ದಾರಿಯಲ್ಲಿ ಇಳಿದು ಚರಂಡಿಗೆ ಸುರಿದು ಓಡಿಹೋಗೋಣ ಎಂದು ಅದೆಷ್ಟು ಸಲ ಅನ್ನಿಸಿತೋ. ಕೋರ್ಟಿನ ಗೇಟಿನಲ್ಲಿ ಪೊಲೀಸಿನವನು ಬಕೆಟ್ಟು ನೋಡಿದ. ಬಕೆಟಿನ ಮೇಲೆ ಸುಣ್ಣ ಇಳಿದ ಗುರುತಿತ್ತು. ಅವನು ಹೋಗು ಎಂದು ಕೈ ಆಡಿಸಿದ. ಬಕೆಟ್ಟು ಹಿಡಿದ ಇಂಥ ಹೆಂಗಸನ್ನು ಯಾವ ಕಚೇರಿಯಲ್ಲೂ ಯಾರೂ ತಡೆಯುವುದಿಲ್ಲ. ಕೆಲಸಕ್ಕೆ ಬಂದಿದ್ದಾಳೆ ಎಂದುಕೊಳ್ಳುತ್ತಾರೆ.

ಕೋಣೆಯಲ್ಲಿ ಎಲ್ಲರೂ ಇದ್ದರು. ಕಿಟಕಿ ಮೊದಲೇ ತೆಗೆದಿಟ್ಟಿತ್ತು. ಮೇಜಿನ ಮೇಲೆ ಕಾಗದ, ಕಾಗದದ ಮೇಲೆ ಪೆನ್ನು.

"ಬನ್ನಿ ಅಮ್ಮಾ" ಎಂದ ವಕೀಲ. "ಇಲ್ಲಿ, ಇಲ್ಲಿ. ಎರಡು ಕಡೆ ಸೈನ್. ಎಲ್ಲಾ ಸುಸೂತ್ರ ಆಗೋಗುತ್ತೆ."

ಅವಳು ಬಕೆಟನ್ನು ಎತ್ತಿ ಮೇಜಿನ ಮೇಲಿಟ್ಟಳು. ಕಾಗದದ ಮೇಲೇ ಇಟ್ಟಳು.

"ಏನಿದು?"

ಹಲ್ಲು ಕಟಕಟ ಎನ್ನುತ್ತಿತ್ತು. ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಓನರ್ರದ್ದು" ಎಂದಳು. "ನಮ್ಮ ಮನೇಲಿ ಬಿಟ್ಟಿದ್ರು. ವಾಪಸ್ ಕೊಡೋಣ ಅಂತ ತಂದೆ."

"ನಂದಾ? ನಂದೇನಿದೆ ನಿನ್ನ ಮನೇಲಿ?" ಓನರ್ ಮುಂದೆ ಬಗ್ಗಿ, ತಾನೇ ಮುಚ್ಚಳ ಕಿತ್ತ.

ಆಮೇಲೆ ಆದದ್ದನ್ನು ಏನು ಹೇಳುವುದು. ಅವನ ಕೈಯಿಂದ ಮುಚ್ಚಳ ಹಾರಿ ಕಾಲ ಬುಡಕ್ಕೆ ಬಿತ್ತು. ಕುರ್ಚಿ ಹಿಂದಕ್ಕೆ ಉರುಳಿತು. ಬಕೆಟ್ಟು ಅಲುಗಾಡಿ ಒಂದಿಷ್ಟು ಚೆಲ್ಲಿ, ಕಾಗದದ ಮೇಲೆ, ಅವಳು ಸೈನ್ ಹಾಕಬೇಕಾಗಿದ್ದ ಜಾಗದ ಮೇಲೆ ಹರಿಯಿತು. ಮೇಡಂ ಗೋಡೆಗೆ ಹೋಗಿ ಅಂಟಿಕೊಂಡರು. ಕೈ ಕುಲುಕುವ ಚಿತ್ರದ ಕೆಳಗೆ ಓನರ್ ಓಕರಿಸುತ್ತ ನಿಂತ.

"ಏಯ್!" ಎಂದು ಕಿರುಚಿದ ವಕೀಲ. ಮೆತ್ತಗಿನ ದನಿ ಎಲ್ಲಿ ಹೋಯಿತೋ. "ಏಯ್, ಎತ್ತೇ ಅದನ್ನ! ತಲೆ ಕೆಟ್ಟಿದ್ಯೇನೇ ನಿಂಗೆ? ಎತ್ತೇ!"

ಇಷ್ಟು ದಿನ ಅಮ್ಮಾ ಎಂದವನು. ಆಶ್ಚರ್ಯವೆಂದರೆ, ಆ ಬೈಗುಳ ಕೇಳಿ ಅಂಟಿಕೊಂಡಿದ್ದ ಅವಳ ನಾಲಿಗೆ ಬಿಟ್ಟುಕೊಂಡಿತು. ಇದು ಗೊತ್ತಿರುವ ದನಿ. ದಿನಾ ಕೇಳುವ ದನಿ.

"ಮೇಡಂ" ಎಂದಳು. ವಕೀಲನ ಕಡೆ ನೋಡಲಿಲ್ಲ. "ಇದು ಭಾನುವಾರ ಸಂಜೆಯಿಂದ ಬಿದ್ದಿದ್ದು. ನೀವು ಬಂದಾಗ ಇವರ ಮನೇಲಿ ಯಾರೂ ಇರ್ಲಿಲ್ಲ. ಬಂದ ಮೇಲೆ ಬಿತ್ತು. ಈಗ್ಲೂ ಬೀಳ್ತಾ ಇದೆ, ನಮ್ಮ ಅತ್ತೆ ಪಕ್ಕದಲ್ಲಿ. ನಾನು ತೊಳೆದಿಲ್ಲ. ಬಂದು ನೋಡಿ. ನೋಡೋವರೆಗೆ ಸೈನ್ ಹಾಕಲ್ಲ."

ಮೇಡಂ ಸೆರಗಿನೊಳಗಿಂದ, "ಇಂಥದ್ದನ್ನ ಇಲ್ಲಿಗೆ ತರೋದಾ ಅಮ್ಮಾ? ಒಂದು ನಿಮಿಷ ಇರೋಕಾಗ್ತಿಲ್ಲ" ಎಂದರು.

"ನಿಮಗೆ ಒಂದು ನಿಮಿಷ ಮೇಡಂ. ನಮಗೆ ಅದೇ ಮನೆ."

ಮೇಡಂ ಓನರಿನ ಕಡೆ ತಿರುಗಿ ನೋಡಿದರು. ಓನರ್ ನೆಲ ನೋಡಿದ.

"ಪೊಲೀಸ್ ಕರೀತೀನಿ" ಎಂದ ವಕೀಲ, ಕರವಸ್ತ್ರ ಮೂಗಿಗೊತ್ತಿ. "ಕೆಲಸದಿಂದ ಕಿತ್ಹಾಕಿಸ್ತೀನಿ. ಮೊದಲು ಆ ಮುಚ್ಚಳ ಹಾಕು. ನಿನ್ನ ಕೆಲಸ ತಾನೇ ಇದು? ಬಳಿ ಅದನ್ನ!"

ಕರೆಯಬಹುದು ಪೊಲೀಸರನ್ನು. ಕೆಲಸ ಹೋಗಬಹುದು. ಸಂಜೆಯ ಹೊತ್ತಿಗೆ ಅತ್ತೆಯ ಮಂಚ ಬೀದಿಯಲ್ಲಿರಬಹುದು. ಇದೆಲ್ಲ ಅವಳಿಗೆ ಗೊತ್ತಿತ್ತು.

"ಇವತ್ತು ನಂಗೆ ರಜೆ ಸಾರ್" ಎಂದಳು.

ಕುರ್ಚಿ ಮುಂದಕ್ಕೆ, ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಕೂತಳು. ಬೆನ್ನು ಕುರ್ಚಿಗೆ ತಾಗುವವರೆಗೆ ಹಿಂದೆ ಸರಿದು ಪೂರ್ತಿ ಕೂತಳು. ಮುಚ್ಚಳ ಓನರಿನ ಕಾಲ ಬಳಿ ಬಿದ್ದಿತ್ತು. ಅವನು ಬಗ್ಗಲಿಲ್ಲ. ವಕೀಲ ಬಗ್ಗಲಿಲ್ಲ. ಮೂವರೂ ಅವಳ ಕೈಗಳನ್ನೇ ನೋಡುತ್ತ ಕಾದರು. ಚೆಲ್ಲಿದ್ದು ಮೇಜಿನ ಅಂಚಿಗೆ ಬಂದು ಒಂದೊಂದೇ ಹನಿ ನೆಲಕ್ಕೆ ಬೀಳತೊಡಗಿತು. ಅದನ್ನು ಕಂಡದ್ದೇ ತಡ, ಅವಳ ಕೈಗಳು ತಾವಾಗಿಯೇ ಎದ್ದವು. ಅವನ್ನು ಕೆಳಗೆ ಎಳೆದು, ತೊಡೆಯ ಅಡಿಗೆ ಇಟ್ಟುಕೊಂಡು, ಅವುಗಳ ಮೇಲೆ ಕೂತಳು.